ಅಗ್ಗದ ಹೋಸ್ಟಿಂಗ್‌ನಲ್ಲೂ ಓಪಿಕ್ಯಾಶ್: ಮುಂಬಯಿಯ ಕನ್ನಡ ಸಂಘಗಳಿಗೆ, ಸಣ್ಣ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಸಂಘಗಳ ವೆಬ್‌ಸೈಟಿಗೆ ವರ್ಷವಿಡೀ ಅಷ್ಟೇನೂ ಜನ ಬರುವುದಿಲ್ಲ. ಹತ್ತನೆಯ, ಹನ್ನೆರಡನೆಯ ತರಗತಿಯ ರಿಸಲ್ಟ್ ಬಂದ ಮೇಲೆ ಮಾತ್ರ ಲೆಕ್ಕ ಬೇರೆ. ವಿದ್ಯಾರ್ಥಿವೇತನದ ಅರ್ಜಿ ಶುರುವಾಗುತ್ತದೆ. ಡೊಂಬಿವಲಿ, ಥಾಣೆ, ಮುಲುಂಡ್, ನವಿ ಮುಂಬಯಿ ಎಲ್ಲ ಕಡೆಯಿಂದ ಮಕ್ಕಳು, ಅಪ್ಪ ಅಮ್ಮಂದಿರು ಒಂದೇ ಹೊತ್ತಿಗೆ ಫಾರ್ಮ್ ತೆರೆಯುತ್ತಾರೆ. ಅದೂ ಕೊನೆಯ ದಿನದ ರಾತ್ರಿ. ಸೈಟ್ ತೆವಳುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಆಗ ಸಮಿತಿಯಲ್ಲಿ ಬರುವ ಮೊದಲ ಮಾತು: "ದೊಡ್ಡ ಪ್ಲಾನ್ ತಗೊಳ್ಳೋಣ."

ದೊಡ್ಡ ಪ್ಲಾನ್ ಬೇಕಾಗಲೂಬಹುದು. ಆದರೆ ಅದಕ್ಕೆ ಮುಂಚೆ ಒಂದು ವಿಷಯ ನೋಡಲೇಬೇಕು. ಈಗಿರುವ ಹೋಸ್ಟಿಂಗ್‌ನಲ್ಲಿ ಕೋಡ್ ಕ್ಯಾಶಿಂಗ್, ಅಂದರೆ ಸೈಟಿನ ಕೋಡನ್ನು ಒಮ್ಮೆ ತಯಾರಿಸಿ ಮತ್ತೆ ಬಳಸಲು ಉಳಿಸಿಕೊಳ್ಳುವ ಓಪಿಕ್ಯಾಶ್ ಎಂಬ ಸೌಲಭ್ಯ, ನಿಜವಾಗಿ ಕೆಲಸ ಮಾಡುತ್ತಿದೆಯೇ? ಸಣ್ಣ ಪ್ಲಾನನ್ನು ಸಾಕಾಗುವಂತೆ ಮಾಡುವುದು ಇದೇ. ಸಂಘದ ದುಡ್ಡು ಸದಸ್ಯರ ದುಡ್ಡು. ಹಾಗಾಗಿ ಈ ಪರೀಕ್ಷೆಯನ್ನು ಮಾಡದೆ ಯಾರೂ ಹೆಚ್ಚಿನ ಹಣ ಕಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೇಟರಿಂಗ್ ನಡೆಸುವವರಿಗೂ ಟ್ಯೂಷನ್ ಕ್ಲಾಸಿನವರಿಗೂ ಯಕ್ಷಗಾನ ಮಂಡಳಿಯವರಿಗೂ ಇದೇ ಮಾತು.

ಮೊದಲು: ನಿಮಗೆ ಇದು ಬೇಕೇ?

ನಿಮ್ಮ ಸೈಟಿನಲ್ಲಿ ಬರೀ ವಿಳಾಸ, ಫೋನ್ ನಂಬರ್, ನಾಲ್ಕು ಫೋಟೋ, ಪದಾಧಿಕಾರಿಗಳ ಪಟ್ಟಿ ಇದೆ ಅಂತಿಟ್ಟುಕೊಳ್ಳಿ. ಆಗ ಪಿಎಚ್‌ಪಿ (ಸರ್ವರಿನಲ್ಲಿ ಪುಟ ತಯಾರಿಸುವ ಪ್ರೋಗ್ರಾಂ ಭಾಷೆ) ಬೇಡ, ಕೋಡ್ ಕ್ಯಾಶೂ ಬೇಡ. ಸಾದಾ ಎಚ್‌ಟಿಎಂಎಲ್ ಪುಟಗಳನ್ನು ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು. ಖರ್ಚು ಡೊಮೇನ್ ಹೆಸರಿಗೆ ಮಾತ್ರ. ಇಂಥವರು ಮುಂದೆ ಓದುವ ಅಗತ್ಯವಿಲ್ಲ.

ಪಿಎಚ್‌ಪಿಯಲ್ಲಿ ನಡೆಯುವ ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್, ವೂಕಾಮರ್ಸ್ ಅಂಗಡಿ, ಅಥವಾ ಯಾರೋ ಪಿಎಚ್‌ಪಿಯಲ್ಲಿ ಬರೆದುಕೊಟ್ಟ ಸದಸ್ಯರ ದಾಖಲೆ ಇದ್ದರೆ ಇದು ನಿಮಗೇ. ನೋಡ್ ಜೆಎಸ್, ಪೈಥಾನ್‌ನಂಥವುಗಳಲ್ಲಿ ಪ್ರೋಗ್ರಾಂ ಸಾಮಾನ್ಯವಾಗಿ ನಿಲ್ಲದೆ ಓಡುತ್ತಲೇ ಇರುತ್ತದೆ. ಅಲ್ಲಿ ಕೋಡನ್ನು ಪ್ರತಿ ಸಲ ಹೊಸದಾಗಿ ತಯಾರಿಸುವ ಸಮಸ್ಯೆ ಇದೇ ರೂಪದಲ್ಲಿ ಬರುವುದಿಲ್ಲ.

ಇನ್ನೊಂದು ಮಾತು. ನಾಡಹಬ್ಬದ ಫೋಟೋಗಳನ್ನು ಫೋನಿನಿಂದ ಹಾಗೆಯೇ, ಒಂದೊಂದು 5 ಎಂಬಿ ಗಾತ್ರದಲ್ಲಿ, ಏರಿಸಿದ್ದರೆ ಸೈಟ್ ನಿಧಾನವಾಗುವುದು ಆ ಕಾರಣಕ್ಕೆ. ಅದನ್ನು ಯಾವ ಕ್ಯಾಶೂ ಸರಿಮಾಡದು. ಮೊದಲು ಫೋಟೋಗಳನ್ನು ಚಿಕ್ಕದು ಮಾಡಿ.

ಕೋಡ್ ಕ್ಯಾಶ್ ಮಾಡುವುದೇನು?

ಪಿಎಚ್‌ಪಿ ಫೈಲುಗಳು ಸರ್ವರಿನಲ್ಲಿ ಮನುಷ್ಯರು ಬರೆದ ರೂಪದಲ್ಲೇ ಇರುತ್ತವೆ. ಯಾರಾದರೂ ಪುಟ ಕೇಳಿದಾಗ ಪಿಎಚ್‌ಪಿ ಆ ಫೈಲನ್ನು ಡಿಸ್ಕಿನಿಂದ ಓದುತ್ತದೆ, ಬಿಡಿಸಿ ಅರ್ಥ ಮಾಡಿಕೊಳ್ಳುತ್ತದೆ, ಓಪ್‌ಕೋಡ್ ಎಂಬ ಸಣ್ಣ ಆದೇಶಗಳಾಗಿ ಬದಲಾಯಿಸುತ್ತದೆ. ಆಮೇಲೆ ಓಡಿಸುತ್ತದೆ. ಕ್ಯಾಶ್ ಇಲ್ಲದಿದ್ದರೆ ಕೆಲಸ ಮುಗಿದ ಕೂಡಲೇ ಆ ಓಪ್‌ಕೋಡ್‌ಗಳನ್ನು ಬಿಸಾಡುತ್ತದೆ. ಮುಂದಿನವರು ಬಂದಾಗ ಮತ್ತೆ ಮೊದಲಿನಿಂದ. ಸಂಘದ ಕನ್ನಡ ವರದಿಯನ್ನು ಆಫೀಸಿನವರು ಕೇಳಿದಾಗಲೆಲ್ಲ ಹೊಸದಾಗಿ ಮರಾಠಿಗೆ ಅನುವಾದಿಸಿ ಕೊಟ್ಟು, ಆ ಪ್ರತಿಯನ್ನು ಹರಿದು ಹಾಕಿದ ಹಾಗೆ. ವರ್ಡ್‌ಪ್ರೆಸ್‌ನಲ್ಲಿ ಸಾವಿರಕ್ಕೂ ಜಾಸ್ತಿ ಪಿಎಚ್‌ಪಿ ಫೈಲುಗಳಿವೆ. ಒಂದು ಪುಟಕ್ಕೆ ಎಲ್ಲವೂ ಬೇಕಿಲ್ಲ, ಆದರೆ ನೂರಾರು ಬೇಕೇ ಬೇಕು.

ಓಪಿಕ್ಯಾಶ್ ಆ ತಯಾರಾದ ಓಪ್‌ಕೋಡ್‌ಗಳನ್ನು ಸರ್ವರಿನ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಎರಡನೆಯವರಿಗೆ ನೇರವಾಗಿ ಓಡಿಸುತ್ತದೆ. 2013ರಲ್ಲಿ ಬಂದ ಪಿಎಚ್‌ಪಿ 5.5ರಿಂದ ಇದು ಪಿಎಚ್‌ಪಿಯ ಜೊತೆಗೇ ಬರುತ್ತಿದೆ. 2025ರ ನವೆಂಬರಿನ 8.5ರಲ್ಲಿ ಬೇರ್ಪಡಿಸಲಾಗದ ಭಾಗವೇ ಆಗಿಬಿಟ್ಟಿದೆ. ಓಪಿಕ್ಯಾಶ್ ಬರುವ ಮುಂಚೆ ಇದೇ ಕೆಲಸಕ್ಕೆ ಎಪಿಸಿ, ಎಕ್ಸ್‌ಕ್ಯಾಶ್, ಇ-ಆಕ್ಸಲರೇಟರ್ ಇದ್ದವು. ಯಾವುದಾದರೂ ಕಂಪನಿಯ ಪುಟದಲ್ಲಿ ಇವತ್ತಿಗೂ ಈ ಹೆಸರುಗಳನ್ನೇ ಹೆಮ್ಮೆಯಿಂದ ಹಾಕಿದ್ದರೆ ಆ ಪುಟವನ್ನು ಬಹಳ ವರ್ಷದಿಂದ ಯಾರೂ ಮುಟ್ಟಿಲ್ಲ ಅಂತಲೇ ಅರ್ಥ.

ಪಿಎಚ್‌ಪಿ ಜೊತೆಗೇ ಬರುತ್ತದೆ ಅಂದಮೇಲೆ ಹುಡುಕುವುದೇನು ಅಲ್ವಾ? ಹುಡುಕಬೇಕಾದದ್ದು ಇಷ್ಟು: ಅದು ಆನ್ ಆಗಿದೆಯೇ, ಒಬ್ಬ ಭೇಟಿಗಾರನಿಂದ ಇನ್ನೊಬ್ಬನ ತನಕ ಉಳಿಯುತ್ತದೆಯೇ, ನಿಮ್ಮ ಪಾಲಿಗೆ ಎಷ್ಟು ಮೆಮೊರಿ ಇದೆ. ಜಾಹೀರಾತಿನಲ್ಲಿ ಈ ಮೂರೂ ಇರುವುದಿಲ್ಲ.

"ಕ್ಯಾಶಿಂಗ್ ಉಂಟು" ಅಂದರೆ ಯಾವ ಕ್ಯಾಶ್?

ಕಂಪನಿಯವರು ಕ್ಯಾಶಿಂಗ್ ಅಂದಾಗ ಹೆಚ್ಚಾಗಿ ಹೇಳುವುದು ಪೇಜ್ ಕ್ಯಾಶ್ ಬಗ್ಗೆ. ಸಿದ್ಧವಾದ ಇಡೀ ಪುಟವನ್ನು ಉಳಿಸಿಟ್ಟು ಎಲ್ಲರಿಗೂ ಅದನ್ನೇ ಕೊಡುವುದು. ಲೈಟ್‌ಸ್ಪೀಡ್ ಕ್ಯಾಶ್ ಈ ಜಾತಿಯದು, ಚೆನ್ನಾಗಿಯೂ ಇದೆ. ರೆಡಿಸ್, ಮೆಮ್‌ಕ್ಯಾಶ್ಡ್ ಅನ್ನುವುದು ಆಬ್ಜೆಕ್ಟ್ ಕ್ಯಾಶ್. ಡೇಟಾಬೇಸಿನಿಂದ ತಂದ ಉತ್ತರಗಳನ್ನು ಅದು ಉಳಿಸುತ್ತದೆ. ಓಪಿಕ್ಯಾಶ್ ಮೂರನೆಯದು, ಎಲ್ಲಕ್ಕಿಂತ ಕೆಳಗಿನದು.

ಪೇಜ್ ಕ್ಯಾಶ್ ಇದ್ದರೆ ಮುಖಪುಟ ಹಾರುತ್ತದೆ. ಆದರೆ ಅರ್ಜಿ ತುಂಬಿ "ಸಲ್ಲಿಸಿ" ಒತ್ತಿದಾಗ ಪುಟವನ್ನು ಕ್ಯಾಶಿನಿಂದ ಕೊಡಲಾಗದು. ಪ್ರತಿಯೊಬ್ಬರ ಅಂಕ, ಹೆಸರು, ಅಪ್‌ಲೋಡ್ ಬೇರೆ ಬೇರೆ. ಲಾಗಿನ್ ಆದ ಸದಸ್ಯರಿಗೂ ಅಷ್ಟೇ. ನಾಟಕದ ಟಿಕೆಟ್ ಬುಕ್ ಮಾಡುವವರಿಗೂ, ಊಟದ ಆರ್ಡರ್ ಹಾಕಿದವರ ಕಾರ್ಟಿಗೂ, ಒಳಗೆ ಕೂತು ಅರ್ಜಿಗಳನ್ನು ಪರಿಶೀಲಿಸುವ ನಿಮ್ಮ ಕಾರ್ಯದರ್ಶಿಗೂ ಅಷ್ಟೇ. ಪ್ರತಿ ಸಲವೂ ಪಿಎಚ್‌ಪಿ ಓಡಲೇಬೇಕು. ಅಲ್ಲಿ ಕೈಹಿಡಿಯುವುದು ಓಪಿಕ್ಯಾಶ್. ಸಂಘದ ಸೈಟ್ ಬೀಳುವುದು ಮುಖಪುಟದಲ್ಲಲ್ಲ, ಫಾರ್ಮಿನಲ್ಲಿ. ಇದನ್ನು ನೆನಪಿಟ್ಟುಕೊಂಡೇ ಹೋಸ್ಟಿಂಗ್ ಆರಿಸಬೇಕು.

ಅಗ್ಗದ ಪ್ಲಾನಿನ ಗೋಡೆ ಎಲ್ಲಿದೆ?

"ಅನ್‌ಲಿಮಿಟೆಡ್ ಸ್ಪೇಸ್, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್" ಅನ್ನುವುದನ್ನು ಓದಿ ಮುಂದೆ ಹೋಗಿ. ಸಂಘದ ಸೈಟಿಗೆ ಜಾಗ ಯಾವತ್ತೂ ಮೊದಲ ತೊಂದರೆಯಲ್ಲ. ಹಂಚಿಕೆಯ ಹೋಸ್ಟಿಂಗ್ (ಒಂದೇ ಸರ್ವರಿನಲ್ಲಿ ಹಲವು ಗಿರಾಕಿಗಳ ಸೈಟ್) ಕೊಡುವ ತುಂಬಾ ಕಂಪನಿಗಳು ಕ್ಲೌಡ್‌ಲಿನಕ್ಸ್ ಎಂಬ ಸರ್ವರ್ ತಂತ್ರಾಂಶ ಬಳಸುತ್ತವೆ. ಅದರಲ್ಲಿ ಪ್ರತಿ ಖಾತೆಗೂ ಸಿಪಿಯು (ಲೆಕ್ಕ ಮಾಡುವ ಚಿಪ್), ಮೆಮೊರಿ, ಡಿಸ್ಕ್ ವೇಗ, ಒಟ್ಟಿಗೆ ನಡೆಯುವ ಎಂಟ್ರಿ ಪ್ರೋಸೆಸ್ ಎಲ್ಲಕ್ಕೂ ಮಿತಿ ಇರುತ್ತದೆ. ಕಂಪನಿ ಬದಲಾಯಿಸದಿದ್ದರೆ ಸಿಗುವ ಮೂಲ ಮಿತಿ ಒಂದು ಕೋರ್ ಸಿಪಿಯು, 1 ಜಿಬಿ ಮೆಮೊರಿ, 20 ಎಂಟ್ರಿ ಪ್ರೋಸೆಸ್.

ಈ 20 ಅಂದರೆ ಒಂದೇ ಕ್ಷಣದಲ್ಲಿ 20 ಪಿಎಚ್‌ಪಿ ಕೆಲಸಗಳು ಮಾತ್ರ ನಡೆಯಬಹುದು. 21ನೆಯವರಿಗೆ 508 ಎಂಬ ತಪ್ಪು ಕಾಣಿಸುತ್ತದೆ, "ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್" ಅಂತ. ಈಗ ಲೆಕ್ಕ ಹಾಕಿ. ಒಂದು ಕೆಲಸಕ್ಕೆ 1 ಸೆಕೆಂಡ್ ಬೇಕಾದರೆ ಸೆಕೆಂಡಿಗೆ ಹೆಚ್ಚೆಂದರೆ 20 ಜನರನ್ನು ಕಳಿಸಬಹುದು. ಅದೇ ಕೆಲಸ ಕಾಲು ಸೆಕೆಂಡಿನಲ್ಲಿ ಮುಗಿದರೆ 80 ಜನ. ಸಿಪಿಯು ಮಿತಿಯೂ ಹಾಗೆಯೇ: ಪ್ರತಿ ಪುಟಕ್ಕೆ ಅರ್ಧ ಸೆಕೆಂಡ್ ಸಿಪಿಯು ಖರ್ಚಾದರೆ ಒಂದು ಕೋರ್ ಸೆಕೆಂಡಿಗೆ ಎರಡೇ ಪುಟ ಕೊಡಬಲ್ಲದು. ಕೋಡನ್ನು ಮತ್ತೆ ಮತ್ತೆ ಕಂಪೈಲ್ ಮಾಡುವ, ಅಂದರೆ ಓಪ್‌ಕೋಡ್ ಆಗಿ ಬದಲಾಯಿಸುವ ಕೆಲಸ ಪೂರ್ತಿ ಸಿಪಿಯುವಿನದು. ಅದನ್ನು ತೆಗೆದರೆ ಅದೇ ದುಡ್ಡಿನಲ್ಲಿ ಜಾಸ್ತಿ ಜನರನ್ನು ಸುಧಾರಿಸಬಹುದು.

ಪ್ಲಾನ್ ಪಟ್ಟಿ ಮಾಡುವಾಗ ಪ್ರತಿ ಕಂಪನಿಯ ಈ ಮಿತಿಗಳನ್ನೇ ಬರೆದುಕೊಳ್ಳಿ. ಪುಟದಲ್ಲಿ ಹಾಕಿಲ್ಲದಿದ್ದರೆ ಕೇಳಿ. ಹೇಳಲು ಒಪ್ಪದವರನ್ನು ಪಟ್ಟಿಯಿಂದ ತೆಗೆದುಬಿಡಿ.

ಸಪೋರ್ಟ್ ಚಾಟಿನಲ್ಲಿ ಕೇಳಬೇಕಾದ್ದು

ಹಣ ಕಟ್ಟುವ ಮುಂಚೆ ಚಾಟ್ ತೆರೆಯಿರಿ. ಇಂಗ್ಲಿಷ್ ಆಗಲಿ, ಹಿಂದಿ ಆಗಲಿ. ಉತ್ತರಗಳನ್ನು ಉಳಿಸಿಟ್ಟುಕೊಳ್ಳಿ, ಸಮಿತಿಗೆ ತೋರಿಸಲು ಬೇಕಾಗುತ್ತದೆ.

ಪಿಎಚ್‌ಪಿ ಹೇಗೆ ಓಡುತ್ತದೆ? ಇದು ಮುಖ್ಯ ಪ್ರಶ್ನೆ. ಪಿಎಚ್‌ಪಿ-ಎಫ್‌ಪಿಎಂ ಅಥವಾ ಲೈಟ್‌ಸ್ಪೀಡಿನ ಎಲ್‌ಎಸ್‌ಎಪಿಐ ಅಂದರೆ ಒಳ್ಳೆಯದು. ಸಾದಾ ಸಿಜಿಐ ಅಥವಾ ಸುಪಿಎಚ್‌ಪಿ ಅಂದರೆ ಬೇಡ. ಅವುಗಳಲ್ಲಿ ಪ್ರತಿ ಕೋರಿಕೆಗೂ ಹೊಸ ಪ್ರೋಸೆಸ್ ಹುಟ್ಟಿ ಸಾಯುತ್ತದೆ. ಅದರ ಜೊತೆಗೆ ಕ್ಯಾಶೂ ಹೋಗುತ್ತದೆ. ಓಪಿಕ್ಯಾಶ್ ಆನ್ ಅಂತ ತೋರಿಸುತ್ತಿರುತ್ತದೆ, ಪ್ರಯೋಜನ ಮಾತ್ರ ಏನೂ ಇರುವುದಿಲ್ಲ. ಜನ ಮೋಸಹೋಗುವುದು ಇಲ್ಲೇ.

ಓಪಿಕ್ಯಾಶ್ ಮೆಮೊರಿ ಎಷ್ಟು, ಅದು ನನ್ನ ಖಾತೆಗೆ ಪ್ರತ್ಯೇಕವೇ? ಪಿಎಚ್‌ಪಿಯ ಮೂಲ ಸೆಟ್ಟಿಂಗ್ 128 ಎಂಬಿ, ಫೈಲುಗಳ ಮಿತಿ 10,000. ಹಿತಮಿತವಾದ ಪ್ಲಗಿನ್‌ಗಳಿರುವ (ಪ್ಲಗಿನ್ ಅಂದರೆ ಸೈಟಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಒಂದು ವರ್ಡ್‌ಪ್ರೆಸ್ ಸೈಟಿಗೆ ಇದು ಸಾಮಾನ್ಯವಾಗಿ ಸಾಕು. ಮೆಮೊರಿ ಗಾತ್ರವನ್ನು ನಿಮ್ಮ ಖಾತೆಯ ಇನಿ ಎಂಬ ಸೆಟ್ಟಿಂಗ್ ಫೈಲಿನಿಂದ ಬದಲಾಯಿಸಲು ಬರುವುದಿಲ್ಲ. ಸರ್ವರ್ ನಡೆಸುವವರೇ ಇಡಬೇಕು. ಅದಕ್ಕೇ ಮೊದಲೇ ಕೇಳಬೇಕಾಗಿರುವುದು. ಒಂದೇ ಮೆಮೊರಿಯನ್ನು ಹಲವು ಗಿರಾಕಿಗಳು ಹಂಚಿಕೊಳ್ಳುವುದಾದರೆ ಸುರಕ್ಷತೆಯ ಪ್ರಶ್ನೆಯೂ ಬರುತ್ತದೆ. ಪ್ರತ್ಯೇಕವಾಗಿ ಕೊಡುವವರನ್ನೇ ಆರಿಸಿ.

ಯಾವ ಪಿಎಚ್‌ಪಿ ಆವೃತ್ತಿಗಳಿವೆ? 8.3 ಅಥವಾ ಅದಕ್ಕಿಂತ ಹೊಸದು ಇರಲಿ. 7.4ಕ್ಕೆ ಪಿಎಚ್‌ಪಿ ತಂಡದ ಸುರಕ್ಷತಾ ತಿದ್ದುಪಡಿಗಳು 2022ರ ನವೆಂಬರಿನಲ್ಲೇ ನಿಂತಿವೆ. 8.0ರಿಂದ ಜಿಟ್ ಎಂಬ ಇನ್ನೊಂದು ಸೌಲಭ್ಯ ಬಂದಿದೆ. ಸಾಮಾನ್ಯ ವೆಬ್‌ಸೈಟಿಗೆ ಅದರಿಂದ ದೊಡ್ಡ ಲಾಭವಿಲ್ಲ, ಅದಕ್ಕಾಗಿ ಹೆಚ್ಚು ಕೊಡಬೇಡಿ.

ಸರ್ವರ್ ಎಲ್ಲಿದೆ? ಮುಂಬಯಿಯಲ್ಲಿದ್ದರೆ ನಮ್ಮ ಪುಣ್ಯ. ಅಮೆಜಾನಿನ ಕ್ಲೌಡ್ ಇಲ್ಲಿಗೆ 2016ರಲ್ಲೂ ಗೂಗಲ್‌ನದು 2017ರಲ್ಲೂ ಬಂದಿದೆ. ಮೈಕ್ರೋಸಾಫ್ಟ್‌ನದು 2015ರಿಂದ ಪುಣೆಯಲ್ಲಿದೆ. ಡಿಜಿಟಲ್‌ಓಶನ್ ಬೆಂಗಳೂರಿನಲ್ಲಿದೆ. ಅಮೆರಿಕದ ಸರ್ವರಿಗೆ ಒಂದು ಸಲ ಹೋಗಿಬರಲು 200 ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಸುರಕ್ಷಿತ ಸಂಪರ್ಕ ಕಟ್ಟಿ ಮೊದಲ ಉತ್ತರ ಬರಲು ಇಂಥ ಮೂರು ಸುತ್ತು ಬೇಕು. ಅಲ್ಲಿಗೆ ಅರ್ಧ ಸೆಕೆಂಡಿಗೂ ಜಾಸ್ತಿ ಬರೀ ಓಡಾಟಕ್ಕೇ ಹೋಯಿತು. ಓಪಿಕ್ಯಾಶ್ ಉಳಿಸಿದ್ದನ್ನು ಸಮುದ್ರ ನುಂಗಿತು. ದುಬೈ, ಮಸ್ಕತ್‌ನಲ್ಲಿರುವ ನಮ್ಮ ಕರಾವಳಿಯವರಿಗೂ ಮುಂಬಯಿಯ ಸರ್ವರ್ ಹತ್ತಿರವೇ.

ದುಡ್ಡಿನ ಲೆಕ್ಕ

ಜಾಹೀರಾತಿನ ತಿಂಗಳ ದರ ನಿಮ್ಮ ದರವಲ್ಲ. ಸಾಮಾನ್ಯವಾಗಿ ಅದು ಮೂರು ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿದರೆ ಸಿಗುವ ದರ. ಮೇಲೆ 18% ಜಿಎಸ್‌ಟಿ. ನವೀಕರಣದ ದರ ಬೇರೆಯೇ.

ಉದಾಹರಣೆಗೆ ತಿಂಗಳಿಗೆ 99 ರೂಪಾಯಿ, 36 ತಿಂಗಳಿಗೆ ಅಂತಿಟ್ಟುಕೊಳ್ಳಿ. 3,564 ಆಯಿತು. ಜಿಎಸ್‌ಟಿ ಸೇರಿ ಸುಮಾರು 4,206. ನಾಲ್ಕನೆಯ ವರ್ಷದಿಂದ ದರ 299 ಆದರೆ ಒಂದೇ ವರ್ಷಕ್ಕೆ 3,588, ತೆರಿಗೆ ಸೇರಿ ಸುಮಾರು 4,234. ಮೊದಲ ಮೂರು ವರ್ಷಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ ಒಂದೇ ವರ್ಷದಲ್ಲಿ ಹೋಗುತ್ತದೆ. ಖಜಾಂಚಿಗೆ ತೋರಿಸಬೇಕಾದ್ದು ಐದು ವರ್ಷದ ಒಟ್ಟು ಮೊತ್ತ. ಬ್ಯಾಕಪ್, ಎಸ್‌ಎಸ್‌ಎಲ್ (ಸೈಟಿನ ಸುರಕ್ಷಿತ ಸಂಪರ್ಕ), ಇಮೇಲ್‌ಗೆ ಪ್ರತ್ಯೇಕ ಹಣ ಕೇಳುತ್ತಾರೆಯೇ ಅಂತಲೂ ಸೇರಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಎಸ್‌ಎಸ್‌ಎಲ್ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುತ್ತದೆ. ಅದನ್ನು ಹಾಕಲು ಬಿಡದೆ ದುಡ್ಡು ಕೇಳುವ ಕಂಪನಿ ನಮಗೆ ಬೇಡ.

ಮೊದಲ ಸಲ ತಿಂಗಳ ಲೆಕ್ಕದಲ್ಲೋ ಹಣ ವಾಪಸಿನ ಅವಧಿ ಇರುವ ಪ್ಲಾನಿನಲ್ಲೋ ಸೇರಿ. 30 ದಿನದ ವಾಪಸಿ ಹಲವು ಕಡೆ ಇದೆ. ಡೊಮೇನಿನ ಹಣ ಸಾಮಾನ್ಯವಾಗಿ ವಾಪಸ್ ಬರದು. ಅದಕ್ಕೇ ಡೊಮೇನನ್ನು ಬೇರೆ ಕಡೆ ಇಡುವುದು ಲೇಸು.

ವಿಪಿಎಸ್ (ನಾವೇ ನಡೆಸಿಕೊಳ್ಳುವ ಪ್ರತ್ಯೇಕ ವರ್ಚುವಲ್ ಸರ್ವರ್) ತಗೊಂಡರೆ ಹೇಗೆ ಅಂತ ಕೇಳುತ್ತಾರೆ. ಅಲ್ಲಿ ಪಿಎಚ್‌ಪಿ-ಎಫ್‌ಪಿಎಂ, ಓಪಿಕ್ಯಾಶ್ ಎಲ್ಲ ನಿಮ್ಮ ಕೈಯಲ್ಲೇ. ಆದರೆ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಕೂಡ ನಿಮ್ಮ ಕೈಯಲ್ಲೇ. ಲಿನಕ್ಸ್ ಗೊತ್ತಿರುವ ಒಬ್ಬರು ಸಮಿತಿಯಲ್ಲಿ ಖಾಯಂ ಆಗಿ ಇಲ್ಲದಿದ್ದರೆ ನಾನು ಬೇಡವೆನ್ನುತ್ತೇನೆ.

ವಾಪಸಿ ಅವಧಿಯಲ್ಲೇ ಪರೀಕ್ಷೆ

ಖಾತೆ ಸಿಕ್ಕ ಕೂಡಲೇ ಸೈಟಿನ ಒಂದು ಪ್ರತಿಯನ್ನು ಅಲ್ಲಿ ಏರಿಸಿ. ಖಾಲಿ ವರ್ಡ್‌ಪ್ರೆಸ್ ಮೇಲೆ ಪರೀಕ್ಷೆ ಮಾಡಿದರೆ ಏನೂ ತಿಳಿಯದು. ನಿಮ್ಮ ಥೀಮ್, ನಿಮ್ಮ ಪ್ಲಗಿನ್‌ಗಳೇ ಇರಬೇಕು.

ಕಂಟ್ರೋಲ್ ಪ್ಯಾನೆಲಿನಲ್ಲಿ "ಸೆಲೆಕ್ಟ್ ಪಿಎಚ್‌ಪಿ ವರ್ಷನ್" ಇದ್ದರೆ ತೆರೆಯಿರಿ. ಎಕ್ಸ್‌ಟೆನ್ಶನ್‌ಗಳ ಪಟ್ಟಿಯಲ್ಲಿ ಓಪಿಕ್ಯಾಶ್ ಎದುರು ಟಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿ. ನಂತರ ಪಿಎಚ್‌ಪಿಯ ಸೆಟ್ಟಿಂಗ್‌ಗಳನ್ನೆಲ್ಲ ತೋರಿಸುವ ಪಿಎಚ್‌ಪಿ ಇನ್ಫೋ ಪುಟ ನೋಡಬೇಕು. ಕೆಲವು ಪ್ಯಾನೆಲುಗಳಲ್ಲಿ ಅದಕ್ಕೆ ಬಟನ್ ಇರುತ್ತದೆ. ಆದರೆ ಸೈಟಿನ ಫೋಲ್ಡರಿನಲ್ಲೇ ಪಿಎಚ್‌ಪಿ-ಇನ್ಫೋ ಫಂಕ್ಷನ್ ಕರೆಯುವ ಒಂದೇ ಸಾಲಿನ ಫೈಲ್ ಮಾಡಿ ಬ್ರೌಸರಿನಲ್ಲಿ ತೆರೆಯುವುದು ಹೆಚ್ಚು ನಂಬಲರ್ಹ. ಊಹಿಸಲಾಗದ ಹೆಸರಿಡಿ. ಕೆಲಸ ಮುಗಿದ ಕೂಡಲೇ ಅಳಿಸಿ. ಸರ್ವರಿನ ಒಳವಿವರಗಳೆಲ್ಲ ಆ ಪುಟದಲ್ಲಿ ಕಾಣುತ್ತವೆ, ಹೊರಗಿನವರಿಗೆ ಸಿಗಬಾರದು.

ಮೇಲೆ "ಸರ್ವರ್ ಎಪಿಐ" ಎಂಬ ಸಾಲಿದೆ. ಎಫ್‌ಪಿಎಂ ಅಥವಾ ಲೈಟ್‌ಸ್ಪೀಡ್ ಅಂತ ಇದ್ದರೆ ಸರಿ. "ಸಿಜಿಐ/ಫಾಸ್ಟ್‌ಸಿಜಿಐ" ಅಂತ ಇದ್ದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ, ಎಣಿಕೆಗಳನ್ನು ನೋಡಿ. ಕೆಳಗೆ "ಝೆಂಡ್ ಓಪಿಕ್ಯಾಶ್" ವಿಭಾಗ ಹುಡುಕಿ. "ಅಪ್ ಅಂಡ್ ರನ್ನಿಂಗ್" ಅಂತ ಇರಬೇಕು. ಅಲ್ಲಿಗೆ ನಿಲ್ಲಬೇಡಿ. ಅದರ ಕೆಳಗಿನ ಎಣಿಕೆಗಳೇ ನಿಜ ಹೇಳುವುದು.

ಸೈಟಿನ ಹಲವು ಪುಟಗಳನ್ನು ತೆರೆಯಿರಿ, ಫಾರ್ಮ್ ಕಳಿಸಿ. ಆಮೇಲೆ ಈ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿ. "ಕ್ಯಾಶ್ ಹಿಟ್ಸ್" (ಕ್ಯಾಶಿನಲ್ಲಿ ಸಿಕ್ಕ ಸಲಗಳು) ಏರುತ್ತಾ ಹೋಗಬೇಕು, "ಮಿಸ್ಸಸ್" (ಸಿಗದ ಸಲಗಳು) ಒಂದು ಹಂತಕ್ಕೆ ಬಂದು ಬಹುತೇಕ ನಿಲ್ಲಬೇಕು. "ಕ್ಯಾಶ್ಡ್ ಸ್ಕ್ರಿಪ್ಟ್ಸ್" ನೂರಾರು ಇರಬೇಕು. ಪ್ರತಿ ಸಲವೂ ಹಿಟ್ಸ್ ಸೊನ್ನೆಯಿಂದ, ಸ್ಕ್ರಿಪ್ಟ್ ಒಂದರಿಂದ ಶುರುವಾಗುತ್ತಿದ್ದರೆ ಕ್ಯಾಶ್ ಉಳಿಯುತ್ತಿಲ್ಲ. ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಕೆಲವು ಕಡೆ ಭೇಟಿಗಾರರಿಲ್ಲದಾಗ ಪಿಎಚ್‌ಪಿಯನ್ನೇ ಮುಚ್ಚಿಬಿಡುತ್ತಾರೆ. ಆಗ ಬಿಡುವಿನ ನಂತರ ಬರುವ ಮೊದಲ ಒಬ್ಬರಿಗೆ ಮಾತ್ರ ನಿಧಾನ. ಸಂಘದ ಸೈಟಿಗೆ ಅದು ಸಹಿಸಬಹುದಾದದ್ದು. ಓಪಿಕ್ಯಾಶಿಗೆ ಡಿಸ್ಕಿನಲ್ಲಿ ಉಳಿಸುವ "ಫೈಲ್ ಕ್ಯಾಶ್" ಸೌಲಭ್ಯವೂ ಇದೆ. ಕಂಪನಿ ಅದನ್ನು ಆನ್ ಮಾಡಿಕೊಟ್ಟರೆ ಈ ಕೊರತೆಯೂ ಕಡಿಮೆಯಾಗುತ್ತದೆ.

"ಓಓಎಂ ರೀಸ್ಟಾರ್ಟ್ಸ್" ಎಂಬ ಸಾಲನ್ನೂ ನೋಡಿ. ಅದು ಏರುತ್ತಿದ್ದರೆ ಮೆಮೊರಿ ಸಾಲದೆ ಕ್ಯಾಶ್ ಖಾಲಿಯಾಗಿ ಮತ್ತೆ ತುಂಬುತ್ತಿದೆ. "ಹ್ಯಾಶ್ ಕೀಸ್ ರೀಸ್ಟಾರ್ಟ್ಸ್" ಏರಿದರೆ ಫೈಲುಗಳ ಮಿತಿ ಸಾಲುತ್ತಿಲ್ಲ. ಎರಡಕ್ಕೂ ಮೊದಲ ಮದ್ದು ಬಳಸದ ಪ್ಲಗಿನ್‌ಗಳನ್ನು ತೆಗೆಯುವುದು.

ಇನ್ನು ಕಣ್ಣಿಗೆ ಕಾಣುವ ಪರೀಕ್ಷೆ. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಲಾಗಿನ್ ಆಗಿ, ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಪುಟ ರಿಫ್ರೆಶ್ ಮಾಡಿ. ಮೊದಲ ಸಾಲಿನ ಟೈಮಿಂಗ್‌ನಲ್ಲಿ "ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್" ಎಷ್ಟು ಅಂತ ಬರೆದುಕೊಳ್ಳಿ. ಹಲವು ಸಲ ಮಾಡಿ ನಡುವಿನ ಅಂಕಿ ಹಿಡಿಯಿರಿ. ಈಗ ಪ್ಯಾನೆಲಿನಲ್ಲಿ ಓಪಿಕ್ಯಾಶ್ ಟಿಕ್ ಇದ್ದರೆ ಅದನ್ನು ತೆಗೆದು ಮತ್ತೆ ಅಳೆಯಿರಿ. ವ್ಯತ್ಯಾಸ ಎದ್ದು ಕಾಣಬೇಕು. ಲಾಗಿನ್ ಆಗಿಯೇ ಮಾಡಿ, ಇಲ್ಲದಿದ್ದರೆ ಪೇಜ್ ಕ್ಯಾಶ್ ನಡುವೆ ಬಂದು ಎರಡೂ ಸಲ ಒಂದೇ ಅಂಕಿ ತೋರಿಸೀತು. ಹಗಲು ಒಂದು ಸಲ, ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಒಂದು ಸಲ ಅಳೆದರೆ ಅಕ್ಕಪಕ್ಕದ ಖಾತೆಗಳ ಭಾರವೂ ಗೊತ್ತಾಗುತ್ತದೆ. ಕೊನೆಗೆ ಟಿಕ್ ವಾಪಸ್ ಹಾಕಲು ಮರೆಯಬೇಡಿ.

ಪರೀಕ್ಷೆಯಲ್ಲಿ ಸೋತರೆ ಚಾಟಿನ ಉತ್ತರ ತೋರಿಸಿ ಸರಿಮಾಡಲು ಹೇಳಿ. ಆಗದಿದ್ದರೆ ಅವಧಿ ಮುಗಿಯುವ ಮುಂಚೆಯೇ ಹಣ ವಾಪಸ್ ಕೇಳಿ. ಸಂಕೋಚ ಬೇಡ.

ದಿನನಿತ್ಯ ಗಮನಿಸಬೇಕಾದ್ದು

ಕೋಡ್ ಬದಲಾಯಿಸಿದರೂ ಸೈಟಿನಲ್ಲಿ ಹಳೆಯದೇ ಕಂಡರೆ ಗಾಬರಿಯಾಗಬೇಡಿ. ಫೈಲ್ ಬದಲಾಗಿದೆಯೇ ಅಂತ ಓಪಿಕ್ಯಾಶ್ ಮೂಲ ಸೆಟ್ಟಿಂಗ್‌ನಲ್ಲಿ 2 ಸೆಕೆಂಡಿಗೊಮ್ಮೆ ನೋಡುತ್ತದೆ. ಕೆಲವು ಕಂಪನಿಗಳು ಇದನ್ನು ನಿಮಿಷಗಳಿಗೆ ಏರಿಸಿರುತ್ತವೆ, ಕೆಲವರು ನೋಡುವುದನ್ನೇ ನಿಲ್ಲಿಸಿರುತ್ತಾರೆ. ಕ್ಯಾಶ್ ಖಾಲಿ ಮಾಡುವ ಬಟನ್ ಎಲ್ಲಿದೆ ಅಂತ ಮೊದಲ ದಿನವೇ ತಿಳಿದುಕೊಳ್ಳಿ.

ಪ್ಲಗಿನ್ ಅಪ್‌ಡೇಟ್‌ಗಳನ್ನು ಅರ್ಜಿಯ ಕೊನೆಯ ವಾರದಲ್ಲಿ ಮಾಡಬೇಡಿ. ಅಪ್‌ಡೇಟ್ ಆದ ಫೈಲುಗಳೆಲ್ಲ ಮತ್ತೆ ಕಂಪೈಲ್ ಆಗಬೇಕು, ಹಳೆಯ ಪ್ರತಿ ಹಿಡಿದಿದ್ದ ಮೆಮೊರಿ ವ್ಯರ್ಥವಾಗಿ ಉಳಿಯುತ್ತದೆ. ಎಲ್ಲ ಸರಿಯಿದ್ದೂ 508 ಬರುತ್ತಿದ್ದರೆ ಪ್ಯಾನೆಲಿನ ರಿಸೋರ್ಸ್ ಯೂಸೇಜ್ ಗ್ರಾಫ್ ನೋಡಿ. ಯಾವ ಮಿತಿ ಮುಟ್ಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಗ ದೊಡ್ಡ ಪ್ಲಾನ್ ಕೇಳಿದರೆ ಆ ಖರ್ಚಿಗೆ ಆಧಾರವಿರುತ್ತದೆ. ಕೆಲವು ಕಂಪನಿಗಳಲ್ಲಿ ಒಂದೆರಡು ತಿಂಗಳಿಗೆ ಮಾತ್ರ ಪ್ಲಾನ್ ಏರಿಸಿ ಆಮೇಲೆ ಇಳಿಸಬಹುದು. ಸೇರುವ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಯದಾಗಿ ಖಾತೆಯ ಯಜಮಾನಿಕೆ. ಹೋಸ್ಟಿಂಗೂ ಡೊಮೇನೂ ಸಂಘದ ಹೆಸರಿನಲ್ಲಿ, ಸಂಘದ ಇಮೇಲಿನಲ್ಲಿ ಇರಲಿ. ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲಿನಲ್ಲಿ ಬೇಡ. ಆತ ನಾಳೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುತ್ತಾನೆ. ಖಾತೆಗೆ ಕೊಡುವ ಸಂಘದ ಇಮೇಲ್ ವಿಳಾಸವನ್ನು ಸಂಘದ ಡೊಮೇನಿನಲ್ಲೇ ಮಾಡಬೇಡಿ, ಡೊಮೇನ್ ನಿಂತರೆ ಮೇಲ್ ಕೂಡ ನಿಲ್ಲುತ್ತದೆ. ಪಾಸ್‌ವರ್ಡ್ ಕಾರ್ಯದರ್ಶಿಯ ಬಳಿಯೂ ಖಜಾಂಚಿಯ ಬಳಿಯೂ ಇರಲಿ. ನವೀಕರಣದ ತಾರೀಕು, ನವೀಕರಣದ ದರ, ಓಪಿಕ್ಯಾಶ್ ಪರೀಕ್ಷೆಯ ಅಂಕಿಗಳು, ಚಾಟಿನ ಪ್ರತಿ, ಎಲ್ಲವನ್ನೂ ಸಂಘದ ಕಡತದಲ್ಲಿ ಸೇರಿಸಿ. ನವೀಕರಣಕ್ಕೆ ಎರಡು ತಿಂಗಳು ಇರುವಾಗಲೇ ಅದನ್ನು ಸಮಿತಿಯ ಮುಂದೆ ಇಡಿ. ಬೇರೆ ಕಡೆಗೆ ಸೈಟ್ ಸಾಗಿಸಿ ಪರೀಕ್ಷಿಸಲು ಅಷ್ಟು ಸಮಯ ಬೇಕಾಗುತ್ತದೆ.